ಪಾತಣ್ಣನಹಟ್ಟಿ ಯಾವ ಕಡೆ?

ಚಳ್ಳಕೆರೆ
೧೨-೧೨-೨೦೦೩

ತಂಗಿ ಮಂಜಮ್ಮನಿಗೆ ನಿನ್ನಣ್ಣ ಪಾಲಾಕ್ಷನ ಆಶೀರ್ವಾದ. ಮೊಳಕಾಲ್ಮೂರಿನಲ್ಲಿ ನೀನು, ಭಾವ, ಮಕ್ಕಳು, ಚಿಕ್ಕವ್ವ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ವಾರವಾಯಿತು. ಉತ್ತರ ಬರೆಯಲು ಕೂತು ಕೂತು ಎದ್ದುಹೋದೆ. ತಡವಾದುದಕ್ಕೆ ಬೈಯಬೇಡ.

ಚಿಕ್ಕವ್ವ ನಮ್ಮನ್ನು ನೋಡಲು ಬಂದವಳು, ನಮ್ಮ ಪಾತಣ್ಣನಹಟ್ಟಿಯೇ ಸಿಗಲಿಲ್ಲವೆಂದು ಹಿಂದಿರುಗಿದಳಂತೆ. "ಹುಟ್ಟಿದೂರು ಹೆಂಗೆ ಕಳೆದುಹೋಗ್ತೈತೆ ಅಣ್ಣಾ?" ಎಂದು ಕೇಳಿದ್ದೀಯ. ನೀನು ನೋಡಿದ ಊರು ಇದಲ್ಲ ಕಣವ್ವ. ಪುರಸಭೆಗೆ ಸೇರಿದ ಮೇಲೆ ಟಾರು ರಸ್ತೆ ಬಂತು, ನಲ್ಲಿ ಬಂತು, ಮನೆ ಬಾಗಿಲಿಗೇ ಆಟೋ ಬರುತ್ತದೆ. ಅಪ್ಪ ಕುರಿ ಕೂಡುತ್ತಿದ್ದ ರೊಪ್ಪ ಇದ್ದಲ್ಲಿ ಮೆಡಿಕಲ್ ಶಾಪು. ಗುರುತಿಗಿದ್ದ ಬೇವಿನ ಮರ ರಸ್ತೆಗೆ ಹೋಯಿತು. ನಡುವಿನ ಹೊಲಗಳೆಲ್ಲ ಸೈಟುಗಳಾಗಿ, ಎಲ್ಲಿ ಪೇಟೆ ಮುಗಿದು ಎಲ್ಲಿ ಹಟ್ಟಿ ಶುರುವಾಗುತ್ತದೆಂದು ನಮಗೇ ತಿಳಿಯದು. ಹೆಸರೂ ಈಗ ಬೃಂದಾವನ ಬಡಾವಣೆ. ಮೊನ್ನೆ ಕಾಟಪ್ಪ ಮಾವ, "ಬೃಂದಾವನ ಅಂತೆ. ಒಂದ್ ಹಸ ಕಟ್ಟಾಕೆ ಜಾಗ ಇಲ್ಲ ಕಣಲೇ" ಎಂದು ನಕ್ಕ. ನಾನೂ ನಕ್ಕೆ.

ಹೊಸಬರು ಒಳ್ಳೆಯವರೇ. ಎದುರುಮನೆಯ ಬ್ಯಾಂಕಿನವರು ನನ್ನನ್ನು "ಪಾಲಾಕ್ಷಪ್ಪನವರೇ" ಎನ್ನುತ್ತಾರೆ. ನಮ್ಮ ವಂಶದಲ್ಲಿ ಯಾರಿಗೂ ಸಿಗದ ಮರ್ಯಾದೆ. ಅವರೆದುರು ಹಟ್ಟಿ ಎನ್ನಲು ಬಾಯಿ ಬರುವುದಿಲ್ಲ. ಊರು ಯಾವುದೆಂದರೆ ಚಳ್ಳಕೆರೆ ಎಂದಿದ್ದೇನೆ. ಇದನ್ನು ಬರೆಯುವಾಗಲೇ ಮುಖ ಬಿಸಿಯಾಗುತ್ತಿದೆ.

ಸೋಮವಾರ ನಾನೇ ಬಂದು ಚಿಕ್ಕವ್ವನನ್ನು ಕರೆತರುತ್ತೇನೆ. ಅವ್ವ ಸತ್ತಮೇಲೆ ನಮ್ಮಿಬ್ಬರನ್ನೂ ಸಾಕಿದವಳು. ಅವಳ ಮನಸ್ಸಿನಲ್ಲಿ ಹಟ್ಟಿ ಇಲ್ಲವೆಂಬ ಮಾತು ಉಳಿಯಬಾರದು. ನಿನ್ನ ಮನೆ ತಣ್ಣಗಿರಲಿ, ಮಕ್ಕಳು ನೂರು ಕಾಲ ಬಾಳಲಿ.

ನಿನ್ನ ಅಣ್ಣ,
ಪಾಲಾಕ್ಷ

ಕಾಗದ ಮಡಿಚಿದವನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಅವತ್ತು ಚಿಕ್ಕವ್ವ ದಾರಿ ಕೇಳಿದ್ದು ನನ್ನನ್ನೇ. ಬ್ಯಾಂಕಿನವರೊಡನೆ ಗೇಟಿನ ಬಳಿ ನಿಂತಿದ್ದೆ. ಅವಳದು ಬರಿಗಾಲು, ತಲೆಯ ಮೇಲೆ ಗಂಟು, ಕಣ್ಣಿಗೆ ಪೊರೆ. "ಪಾತಣ್ಣನಹಟ್ಟಿ ಯಾವ ಕಡೆಯಪ್ಪಾ?" ಎಂದಳು. "ಇಲ್ಲಿ ಹಟ್ಟಿ ಇದೆಯೇನ್ರೀ?" ಎಂದು ಅವರು ನನ್ನ ಮುಖ ನೋಡಿದರು.

"ಇಲ್ಲ" ಎಂದೆ.

ಅವಳು ತಲೆಯ ಮೇಲಿನ ಗಂಟು ಇಳಿಸಿದಳು. "ನಿನ್ ದನಿ ನಮ್ ಪಾಲಾಕ್ಷಂದು ಇದ್ದಂಗೈತೆ" ಎಂದಳು. "ಇದನ್ನ ವಾಪಸ್ ಹೊತ್ಕೊಂಡು ಹೋಗಾಕಾಗಲ್ಲ. ನಿನ್ ಮಕ್ಕಳಿಗೆ ಕೊಡಪ್ಪ" ಎಂದು ಕಡಲೆಕಾಯಿ ಗಂಟು ನನ್ನ ಕೈಗಿತ್ತು ಹೊರಟಳು. ಬೇರೆ ಯಾರನ್ನೂ ಕೇಳಲಿಲ್ಲ. ಗಂಟು ಇನ್ನೂ ಬಿಚ್ಚಿಲ್ಲ.

ಸೋಮವಾರ ಬಾಗಿಲಲ್ಲಿ ಮೊದಲು ನೀನೇ ಮಾತಾಡು ಮಂಜಿ. ನಾನು ಬಾಯಿ ಬಿಟ್ಟರೆ ಅವಳಿಗೆ ಗೇಟಿನ ಬಳಿ ಕೇಳಿದ ದನಿಯ ಗುರುತು ಸಿಗುತ್ತದೆ.