ಬಲಿಯದ ಅಂಡಾಣು

ಜಗನ್,

ನೀನು ನನ್ನ ಅಕ್ಕನಿಗೆ ಸುಳ್ಳು ಹೇಳಿದೆ. ಕ್ಯಾನ್ಸರ್ ಚಿಕಿತ್ಸೆಗೆ ಮುಂಚೆ ಅವಳ ದೇಹದಿಂದ ತೆಗೆದ ಅಂಡಾಣುಗಳು ಇನ್ನೂ ಬಲಿತಿರಲಿಲ್ಲ. ಬಲಿಯದವನ್ನು ಹೆಪ್ಪುಗಟ್ಟಿಸಿದರೆ ಹೆಚ್ಚಿನವು ಕೆಡುತ್ತವೆಂದು ಅವನ್ನು ಇಟ್ಟಿದ್ದ ಲ್ಯಾಬಿನಲ್ಲೇ ಕೆಲಸಕ್ಕಿದ್ದ ನಿನಗೆ ಗೊತ್ತಿತ್ತು. ಆದರೂ ದಿಬ್ಬೂರಹಳ್ಳಿಯ ನಮ್ಮ ರೇಷ್ಮೆ ಹುಳುಮನೆಯಲ್ಲಿ ಕೂತು, "ರೇಷ್ಮೆ ಮೊಟ್ಟೆ ಕೋಲ್ಡ್ ಸ್ಟೋರೇಜಲ್ಲಿ ಇಡಲ್ವೇನಕ್ಕ, ಇದೂ ಹಂಗೇ. ಬೇಕಾದಾಗ ಈಚೆ ತೆಗೆದ್ರಾಯ್ತು" ಅಂದೆ. ಹುಳು ಸಾಕುವ ನಾವೆಲ್ಲ ತಲೆಯಾಡಿಸಿದೆವು. ತಪ್ಪು ಹಂತದಲ್ಲಿ ತಣ್ಣಗಿಟ್ಟರೆ ರೇಷ್ಮೆ ಮೊಟ್ಟೆಯಿಂದಲೂ ಹುಳು ಬರುವುದಿಲ್ಲವೆಂದು ಯಾರೂ ಬಾಯಿ ಬಿಡಲಿಲ್ಲ.

ಮೊನ್ನೆ ಲ್ಯಾಬಿನಲ್ಲಿ ಅಕ್ಕನ ಅಂಡಾಣುಗಳ ಹೆಪ್ಪು ಕರಗಿಸಿದರು. ಕೆಲವು ಒಡೆದಿದ್ದವು, ಉಳಿದವುಗಳ ಹೊರಪದರ ಗಡುಸಾಗಿತ್ತು. ಒಂದೂ ಬಲಿಯಲಿಲ್ಲ. ಹೀಗಾಗಬಹುದೆಂದು ಮಹಿಳಾ ಸಂಘಟನೆಯೊಂದರ ಕರಪತ್ರದಲ್ಲೂ ಅಚ್ಚಾಗಿದೆ. ನಿನ್ನ ಬಾಯಿಂದ ಮಾತ್ರ ಬರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ನಿನ್ನನ್ನು ಬಯ್ಯತೊಡಗಿದೆ. ಅಕ್ಕ ಕಿಟಕಿಯಿಂದ ಮುಖ ತಿರುಗಿಸದೆ ಹೇಳಿದಳು: "ಸುಮ್ಕಿರೇ ಚೈತ್ರ. ಮಕ್ಕಳಾಗಲ್ಲ ಅಂದ್ರೆ ಔಷಧಿನೇ ಬೇಡ ಅಂತ ಹಟ ಹಿಡ್ದು ಕೂತಿದ್ದೆ ನಾನು. ಅವನು ನಿಜ ಹೇಳಿದ್ದಿದ್ರೆ ಇವತ್ತು ನಾನು ಈ ಬಸ್ಸಲ್ಲಿ ಇರ್ತಿದ್ನೇನೇ?"

ಅಂದರೆ ನಾನು ನಿನಗೆ ಕೈ ಮುಗಿಯಬೇಕೇ? ಮುಗಿಯುವುದಿಲ್ಲ. ದೇಹ ಅವಳದು, ನಿಜ ಕೇಳಿ ತೀರ್ಮಾನಿಸುವ ಹಕ್ಕೂ ಅವಳದೇ ಆಗಿತ್ತು. ಅವಳ ಪರವಾಗಿ ತೀರ್ಮಾನಿಸಲು ನೀನು ಯಾರು? ನನಗಾದರೂ ಹೇಳಬಹುದಿತ್ತು. ಆಗ ನನಗೆ ನೀನು ಹೇಳದ ವಿಷಯವೇ ಇರಲಿಲ್ಲ.

ಕೆಲಸ ಬಿಟ್ಟು ಎಲ್ಲಿಗೆ ಹೋದೆಯೋ ಯಾರಿಗೂ ತಿಳಿಯದು. ಈ ಪತ್ರ ನಿನಗೆ ತಲುಪುವುದಿಲ್ಲ. ಆದರೂ ಪೆರೇಸಂದ್ರದಲ್ಲಿ ನಾವಿಬ್ಬರೂ ಕಾಯುತ್ತಿದ್ದ ಬಸ್ ಸ್ಟಾಪಿಗೆ ಬಾ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ.