ಹೆಂಚು ಒಡೆದವರಿಗೆ ನೀವು ಕೊಟ್ಟ ಮಾನ್ಯತೆ

ಮಾನ್ಯತೆ ಕೊಡುವ ಅಧಿಕಾರಿಗಳೇ,

ಕ್ರೀಡೆ ಕಲಿಸುವವರಲ್ಲಿ ಯಾರು ಅಸಲಿ, ಯಾರು ನಕಲಿ ಎಂದು ನಮ್ಮೆಲ್ಲರ ಪರವಾಗಿ ತೀರ್ಮಾನಿಸುವ ಕುರ್ಚಿ ನಿಮ್ಮದು. ಆ ಕುರ್ಚಿಯಲ್ಲಿ ಕೂತು ನೀವು ಯೋಗ್ಯರೆಂದು ಸಾರಿದ ಕರಾಟೆ ಮಾಸ್ತರರ ತರಗತಿಯಲ್ಲಿ ನನ್ನ ಅಕ್ಕನ ಮಗಳು ಉಚ್ಚಂಗೆಮ್ಮನ ಬಲಗೈ ಮಣಿಕಟ್ಟು ಮುರಿಯಿತು. ಅದೇ ಮಾಸ್ತರರು ಬರುವ ಸೋಮವಾರದಿಂದ, ನಿಮ್ಮದೇ ಆದೇಶದ ಮೇಲೆ, ಕೂಡ್ಲಿಗಿಯ ಹೆಣ್ಣುಮಕ್ಕಳ ವಸತಿನಿಲಯವೊಂದರಲ್ಲಿ ಪಾಠ ಆರಂಭಿಸಲಿದ್ದಾರೆ. ಅದನ್ನು ನಿಲ್ಲಿಸಿ ಎಂದು ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನೀವು ಒಳಗಿದ್ದೂ ಸಿಗಲಿಲ್ಲ. ಊರೆಲ್ಲ ಓದುವ ಪತ್ರಿಕೆಯನ್ನು ನೀವೂ ಓದುತ್ತೀರಿ ಎಂಬ ನಂಬಿಕೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಹೋದ ಬೇಸಿಗೆಯಲ್ಲಿ ಹಗರಿಬೊಮ್ಮನಹಳ್ಳಿಯ ಬಯಲಿನಲ್ಲಿ ನೀವು ನಡೆಸಿದ ಮಾಸ್ತರರ ಪರೀಕ್ಷೆಯನ್ನು ನಾನೂ ನೋಡಿದ್ದೆ. ಟೂರಿಂಗ್ ಟಾಕೀಸಿನಲ್ಲಿ ಚೀನೀ ಹೊಡೆದಾಟದ ಸಿನಿಮಾಗಳು ಬಂದು ಹೋಗಿ, ನಮ್ಮ ಹುಡುಗರೆಲ್ಲ ಬೇಲಿಗಳನ್ನು ಒದೆಯುತ್ತಿದ್ದ ಕಾಲ. ಮಾಸ್ತರರು ಬಿಳಿ ಅಂಗಿ ತೊಟ್ಟು, ಸೊಂಟಕ್ಕೆ ಕಪ್ಪು ಪಟ್ಟಿ ಕಟ್ಟಿ ಬಂದರು. ಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರವನ್ನು ನಿಮ್ಮ ಮುಂದೆ ಹಿಡಿದರು. ಅದರ ಲಿಪಿ ನಿಮಗೂ ಬಾರದು, ನಮಗೂ ಬಾರದು. ಆದರೂ ನೀವು ಅದನ್ನು ಮೇಲಿನಿಂದ ಕೆಳಗೆ ಓದಿ ತಲೆದೂಗಿದಿರಿ. ಆಮೇಲೆ ಅವರು ಅರಚಿ, ಪೇರಿಸಿಟ್ಟ ಹೆಂಚುಗಳನ್ನು ಒಂದೇ ಏಟಿಗೆ ಪುಡಿ ಮಾಡಿದರು. ನನ್ನ ಹಿಂದೆ ಯಾರೋ ಹೇಳಿದರು: "ಲೇ, ನಮ್ಮನಿ ಹೆಂಚು ಕೋತಿ ಕುಂತ್ರೂ ಒಡಿತಾವು. ಅದಕ್ಕ ಜಪಾನಿಗೆ ಹೋಗಿ ಬರ್ಬೇಕೇನಲೇ?" ಜನ ನಕ್ಕರು. ನೀವು ನಗಲಿಲ್ಲ. ಗಂಭೀರವಾಗಿ ಎದ್ದು ಹಾರ ಹಾಕಿದಿರಿ.

ಮಾಸ್ತರರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಹೇಳುವ ಅರ್ಹತೆ ನನಗಿಲ್ಲ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು. ಇಂಗ್ಲೆಂಡನ್ನು ಕಂಡವನಲ್ಲ, ಒಬ್ಬ ಇಂಗ್ಲಿಷಿನವನ ಜೊತೆ ಕೂತು ಚಹಾ ಕುಡಿದವನೂ ಅಲ್ಲ. ನನಗೆ ಕಲಿಸಿದವರಿಗೆ ಕಲಿಸಿದವರು ಯಾರಿಂದ ಕಲಿತರೋ ತಿಳಿಯದು. ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುವಾಗ ಒಮ್ಮೊಮ್ಮೆ, ಈ ಮನುಷ್ಯನಿಗೆ ಮಾನ್ಯತೆ ಕೊಟ್ಟವರು ಯಾರು ಎಂದು ಅನ್ನಿಸುವುದುಂಟು. ದೂರದೇಶದ ವಿದ್ಯೆಯನ್ನು ಹೊತ್ತು ತಂದವರೆಲ್ಲರ ಬೆನ್ನ ಹಿಂದೆ ಸ್ವಲ್ಪ ಕತ್ತಲೆ ಇರುತ್ತದೆ. ಮಾಸ್ತರರು, ತಾವೇ ಹೇಳಿಕೊಳ್ಳುವಂತೆ, ಮುಂಬಯಿಯಲ್ಲಿ ನಿಜವಾದ ಜಪಾನಿ ಗುರುವಿನ ಬಳಿಯೇ ಕಲಿತಿರಬಹುದು. ಅಸಲಿ ಗುರುವಿನ ಅಸಲಿ ಶಿಷ್ಯ ಹುಡುಗಿಯ ಕೈ ಮುರಿಸಿದರೆ ಆ ಮೂಳೆಗೆ ಆಗುವ ವ್ಯತ್ಯಾಸವೇನು?

ಉಚ್ಚಂಗೆಮ್ಮ ಕೋಗಳಿಯವಳು. ನನ್ನ ಮನೆಯಲ್ಲಿದ್ದು ಓದುತ್ತಿದ್ದಾಳೆ. ಪೊಲೀಸ್ ಆಗಬೇಕೆಂಬುದು ಅವಳ ಹಟ. ಆಯ್ಕೆಗೆ ನೆರವಾದೀತೆಂದು ಕರಾಟೆಗೆ ಸೇರಿದಳು. ನಿಂತು ಉಸಿರಾಡುವುದನ್ನೂ ಸರಿಯಾಗಿ ಕಲಿಸುವ ಮೊದಲೇ ಮಾಸ್ತರರು ಅವಳ ಮುಂದೆ ಹೆಂಚು ಇಟ್ಟರು. ಊರಿನ ಗಣ್ಯರು ನೋಡಲು ಬಂದಿದ್ದರಂತೆ. ಹೆಂಚು ಒಡೆಯಲಿಲ್ಲ. "ಇನ್ನೊಮ್ಮೆ," ಎಂದರು ಮಾಸ್ತರರು. ಕೈ ಊದತೊಡಗಿದಾಗ ಮಾಸ್ತರರು ಅದನ್ನು ಹಿಡಿದು ಎಳೆದು, "ನೋವು ಅನ್ನೋದು ಮನಸ್ಸಿನ ದೌರ್ಬಲ್ಯ," ಎಂದರು. ಅವಳು ಅಳಲಿಲ್ಲ. ಅದೇ ತಪ್ಪಾಯಿತು. ಅಳದ ಹುಡುಗಿಯನ್ನು ಯಾರೂ ಆಸ್ಪತ್ರೆಗೆ ಕರೆದೊಯ್ಯುವುದಿಲ್ಲ. ಮಾರನೆಯ ದಿನ ನಾನು ಕರೆದೊಯ್ದಾಗ ವೈದ್ಯರು ಮಣಿಕಟ್ಟು ಮೊದಲಿನಂತೆ ತಿರುಗಲಾರದು ಎಂದರು. ಈಗ ಅವಳು ಕೊಡವನ್ನು ಎಡಗೈಯಲ್ಲಿ ಎತ್ತುತ್ತಾಳೆ. ಪೊಲೀಸ್ ಆಯ್ಕೆಯ ಅರ್ಜಿಯ ಮಾತನ್ನು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನಿಮ್ಮ ಪರೀಕ್ಷೆಯ ದಿನ ನಮ್ಮೂರ ಗರಡಿಮನೆಯ ಹಿರಿಯರನ್ನೂ ಸಾಕ್ಷಿಗೆ ಕೂರಿಸಿಕೊಂಡಿದ್ದಿರಿ. ಅವರಲ್ಲಿ ಗಾದೆಪ್ಪನವರನ್ನು ಮೊನ್ನೆ ಸಂತೆಯಲ್ಲಿ ಕಂಡೆ. ಕುಸ್ತಿ ಕಲಿಸುವ ವಸ್ತಾದಿ ಹೊಸದಾಗಿ ಬಂದರೆ ಗರಡಿಯವರು ಅವನನ್ನು ಹೇಗೆ ಪರೀಕ್ಷಿಸಿ ನೋಡುತ್ತಾರೆ ಎಂದು ಕೇಳಿದೆ.

"ವಸ್ತಾದೀನ ಏನ್ ನೋಡ್ತೀರಿ ಮೇಷ್ಟ್ರೇ," ಎಂದರು. "ನಿನ್ನ ಹಳೇ ಹುಡುಗ್ರನ್ನ ಕರ್ಕಂಡ್ ಬಾ ಅಂತೀವಿ. ಅವ್ರನ್ನ ಕುಂದ್ರಸ್ತೀವಿ, ಎಬ್ಬಸ್ತೀವಿ, ಕೈ ಕಾಲು ತಿರುವಿ ನೋಡ್ತೀವಿ. ಹುಡುಗ್ರು ಕುಂಟಿದ್ರ ವಸ್ತಾದಿ ಕೈಯಾಗ ಒಂದು ತೆಂಗಿನಕಾಯಿ ಕೊಟ್ಟು, ಬಸ್ ಹತ್ತಿಸಿ ಕಳಸ್ತೀವಿ."

"ಮತ್ತೆ ಅವತ್ತು ಯಾಕೆ ಕೇಳಲಿಲ್ಲ?"

ಗಾದೆಪ್ಪ ಬದನೆಕಾಯಿ ಆರಿಸುವುದನ್ನು ನಿಲ್ಲಿಸಿದರು. "ನಮ್ಮ ಮಣ್ಣಿಂದಾಗಿದ್ರ ಕೇಳ್ತಿದ್ವಿ. ಅದು ಜಪಾನಿಂದು. ಪರದೇಶದ ದೇವ್ರಿಗೆ ನಮ್ಮನಿ ಎಡಿ ಹಿಡಿಯಾಕ ಬರ್ತೈತೇನ್ರಿ? ಸಾಹೇಬ್ರು ಬ್ಯಾರೆ ಕುಂತಿದ್ರು, ಅವ್ರಿಗೆ ತಿಳಿದಿರ್ತೈತಿ ಅಂದ್ಕಂಡ್ವಿ."

ಮಾನ್ಯರೇ, ನೋಡಿ. ಅವರು ನಿಮ್ಮ ಮುಖ ನೋಡಿ ಸುಮ್ಮನಾದರು. ನೀವು ಅವರ ಮೌನವನ್ನು ಒಪ್ಪಿಗೆ ಎಂದುಕೊಂಡಿರಿ. ತಲೆಮಾರುಗಳಿಂದ ಕೇಳುತ್ತ ಬಂದ ಪ್ರಶ್ನೆಯನ್ನು ಗರಡಿಯವರು ಮರ್ಯಾದೆಗೆ ಕಟ್ಟುಬಿದ್ದು ನುಂಗಿಕೊಂಡರು. ಕೈ ಎಲ್ಲಿಯದಾದರೂ ಕೈಯೇ ಅಲ್ಲವೇ? ಮೂಳೆ ಒಂದು ಕಡೆ ಜಪಾನಿ, ಇನ್ನೊಂದು ಕಡೆ ಕನ್ನಡ ಆಗಿರುತ್ತದೆಯೇ?

ನಿಮ್ಮ ಕಚೇರಿಯ ವಿಚಾರವನ್ನೂ ಹೇಳಿಬಿಡುತ್ತೇನೆ. ಗುಮಾಸ್ತರು ನನಗೆ ಕುರ್ಚಿ ಕೊಟ್ಟು, ಮರ್ಯಾದೆಯಿಂದಲೇ ಮಾತಾಡಿದರು. "ನೋಡ್ರಿ ಸಾರ್, ದೂರು ಕೊಡೋರು ಮಾಸ್ತರಿಗಿಂತ ಮೇಲಿನ ಪಟ್ಟಿ ಇದ್ದೋರಾಗಿರ್ಬೇಕು ಅಂತ ಸಾಹೇಬ್ರು ಹೇಳ್ಯಾರ."

"ಕಪ್ಪಿಗಿಂತ ಮೇಲಿನ ಬಣ್ಣ ಯಾವುದು?"

"ಅದು ನಮಗೂ ಗೊತ್ತಿಲ್ರಿ. ನೀವು ತಂದ್ರ ನೋಡಬೌದು."

ಈ ನಿಯಮದ ಸೊಗಸನ್ನು ಬಹಳ ಹೊತ್ತು ಯೋಚಿಸಿದೆ. ಇದರ ಪ್ರಕಾರ ಅಡುಗೆ ಕೆಟ್ಟಿದೆ ಎನ್ನಲು ಉಣ್ಣುವವನು ಬಾಣಸಿಗನಾಗಿರಬೇಕು. ಬಸ್ಸು ಹಳ್ಳಕ್ಕೆ ಬಿದ್ದರೆ ಡ್ರೈವರ್ ಲೈಸೆನ್ಸು ಇಲ್ಲದ ಪ್ರಯಾಣಿಕರು ನರಳಬಾರದು. ಯೋಗ್ಯತೆ ಅಳೆಯುವ ವಿದ್ಯೆ ನಿಮಗಿಲ್ಲದಿದ್ದರೆ ಅದು ಅಪರಾಧವಲ್ಲ. ನನಗೂ ಇಲ್ಲ. ಆದರೆ ಆ ವಿದ್ಯೆ ಇಲ್ಲದಿರುವುದು ಮಾನ್ಯತೆ ಕೊಡಲು ನಿಮಗೆ ಅಡ್ಡಿಯಾಗಲಿಲ್ಲ, ಅದನ್ನು ಹಿಂತೆಗೆಯುವಾಗ ಮಾತ್ರ ಅಡ್ಡಿಯಾಗುತ್ತಿದೆ. ಇದು ಹೇಗೆ?

ನನ್ನ ಬೇಡಿಕೆ ಸಣ್ಣದು. ಕೂಡ್ಲಿಗಿಯ ಆದೇಶವನ್ನು ಇವತ್ತೇ ತಡೆಹಿಡಿಯಿರಿ. ಮಾಸ್ತರರು ಈವರೆಗೆ ಕಲಿಸಿದ ಮಕ್ಕಳನ್ನೆಲ್ಲ ಒಂದು ಕಡೆ ಕರೆಸಿ. ಕೂರಲು ಹೇಳಿ, ಏಳಲು ಹೇಳಿ, ಕೈ ತಿರುಗಿಸಲು ಹೇಳಿ. ನೋಡಲು ಜಪಾನಿ ಭಾಷೆ ಬೇಡ, ಪಟ್ಟಿಯೂ ಬೇಡ. ಎಲ್ಲರ ಮೈಯೂ ನೆಟ್ಟಗಿದ್ದರೆ, ಇದೇ ಪತ್ರಿಕೆಯಲ್ಲಿ ಮಾಸ್ತರರ ಕ್ಷಮೆ ಕೇಳುತ್ತೇನೆ.

ಈ ಪತ್ರವನ್ನು ಉಚ್ಚಂಗೆಮ್ಮನಿಗೆ ಓದಿ ಹೇಳಿದೆ. ನನ್ನ ವ್ಯಂಗ್ಯಗಳಿಗೆಲ್ಲ ಅವಳು ನಗಲಿಲ್ಲ. "ಇಷ್ಟುದ್ದ ಬರದ್ರ ಅವ್ರು ಓದ್ತಾರೇನು ಮಾಮ?" ಎಂದಳು. ಆಮೇಲೆ, "ಸೋಮವಾರ ಮೊದಲನೇ ಬಸ್ಸಿಗೆ ನಾನೇ ಕೂಡ್ಲಿಗಿಗೆ ಹೊಕ್ಕೀನಿ. ಆ ಹುಡುಗ್ಯಾರು ಮುಷ್ಟಿ ಕಟ್ಟಾಕಿಂತ ಮೊದ್ಲು ನನ್ನ ಕೈ ನೋಡ್ಲಿ," ಎಂದಳು. ವಸತಿನಿಲಯದ ಬಾಗಿಲಲ್ಲಿ ಅವಳು ನಿಂತಿರುತ್ತಾಳೆ. ಅವಳನ್ನು ಅಲ್ಲಿಂದ ಕಳಿಸಲು ನೀವು ಯಾರನ್ನಾದರೂ ಕಳಿಸುವುದಾದರೆ, ದಯವಿಟ್ಟು ನೀವೇ ಬನ್ನಿ.

ಇಂತಿ,
ಯಾವ ಬಣ್ಣದ ಪಟ್ಟಿಯೂ ಇಲ್ಲದೆ ದೂರು ಕೊಟ್ಟ
ಒಬ್ಬ ಸೋದರಮಾವ
ಹಗರಿಬೊಮ್ಮನಹಳ್ಳಿ, ಜನವರಿ ೧೯೮೪