ಎಡಗಡೆ ಪರದೆಯ ಮರೆಯವರಿಗೆ

ಅಪ್ಪಾ,

ಈ ಪತ್ರವನ್ನು ಹಾಕುವ ಡಬ್ಬಿ ಎಲ್ಲೂ ಇಲ್ಲ. ಆದರೂ ಜೋರಾಗಿ ಓದುತ್ತಲೇ ಬರೆಯುತ್ತಿದ್ದೇನೆ, ಕೇಳಿ! ಇಂದು ಬೆಳಿಗ್ಗೆ ನಿಮ್ಮ ಮಗ ಇಪ್ಪತ್ತೆರಡು ಪ್ರವಾಸಿಗರನ್ನು ಬಸ್ಸಿಗೆ ತುಂಬಿಕೊಂಡು ಬೆಟ್ಟದ ಮೂರು ಹಳ್ಳಿಗಳನ್ನು ಗೆದ್ದು ಬಂದ. ಮೈಕಿಲ್ಲ, ಗಂಟಲೊಂದೇ! ನಾಯಿಗಳೂ ಬೊಗಳುವುದನ್ನು ನಿಲ್ಲಿಸಿ ಕೇಳಿದವು.

ಕೊನೆಗೆ ಸುಗಂಧದ ಕಾರ್ಖಾನೆ. ಅಲ್ಲಿ ಹತ್ತು ಪರಿಮಳ ಮೂಸಿ ಮೂಗು ಸೋತರೆ ನಮ್ಮ ತೋಳನ್ನೇ ನಾವು ಮೂಸಿಕೊಳ್ಳಬೇಕು, ಮೂಗು ಮತ್ತೆ ಚುರುಕಾಗುತ್ತದೆ. ತೋರಿಸಲು ತೋಳೆತ್ತಿದೆ. ಚಳಿಗೆಂದು ತೊಟ್ಟಿದ್ದು ನೀವು ಬಿಟ್ಟುಹೋದ ಕೋಟು. ನಶ್ಯ, ಮುಖಕ್ಕೆ ಹಚ್ಚುವ ಬಣ್ಣ, ಹಳೆಯ ನಾಟಕದ ಪುಸ್ತಕ, ಎಲ್ಲದರ ವಾಸನೆಯೂ ಅದರಲ್ಲಿತ್ತು. ಹನ್ನೆರಡು ವರ್ಷದಿಂದ ಪ್ರವಾಸಿಗರಿಗೆ ಒಪ್ಪಿಸುತ್ತಿದ್ದ ಮಾತು ಥಟ್ಟನೆ ಹಾರಿಹೋಯಿತು.

"ಯಾಕಪ್ಪಾ, ಮರ್ತೋಯ್ತಾ? ಬೆಳಿಗ್ಗೆಯಿಂದ ನಮ್ಮ ಕಿವಿ ತೂತು ಮಾಡ್ದೆಯಲ್ಲ!" ಎಂದರು ಮುಂದಿದ್ದ ಅಜ್ಜಿ. ಎಲ್ಲರೂ ನಕ್ಕರು.

ನಾಟಕದಲ್ಲಿ ಮೊದಲ ಸಲ ನಾಯಕನ ಪಾತ್ರ ಸಿಕ್ಕಿದಾಗ ನಾನು, "ನಂಗ್ಯಾರೂ ಮಾತು ಎತ್ತಿಕೊಡೋದು ಬೇಡ, ನೀವು ಮನೇಲಿರಿ" ಎಂದಿದ್ದೆ. ಆಟದ ದಿನವೂ ನೀವು, ಮರೆತವರಿಗೆ ಮಾತು ಎತ್ತಿಕೊಡಲು, ಎಂದಿನಂತೆ ಪುಸ್ತಕ ಹಿಡಿದು ಎಡಗಡೆ ಪರದೆಯ ಮರೆಯಲ್ಲಿ ನಿಂತೇ ಇದ್ದಿರಿ.

ಇಂದೂ ಎಡಕ್ಕೆ ತಿರುಗಿದೆ. ಸಾಲು ಸೀಸೆಗಳಿದ್ದವು.

"ಸ್ವಲ್ಪ ತಾಳಿ ಅಜ್ಜಿ, ಎತ್ತಿಕೊಡೋರು ಇನ್ನೂ ಬಂದಿಲ್ಲ" ಎಂದೆ.

ಮತ್ತೆ ನಕ್ಕರು.